‘ಜುಗಾರಿ ಕ್ರಾಸ್’ ಬರ್ತಿದೆ, ಸರಿ. ಮೂಡಿಗೆರೆಗೆ ಬರುತ್ತಾ?

2023ರ ಮೇ ತಿಂಗಳು. ವಿಧಾನಸಭೆ ಚುನಾವಣೆ ಮುಗಿದು, ಹೊಸ ಸರ್ಕಾರ ಪ್ರಮಾಣವಚನ ತಗೊಳ್ಳೋದಕ್ಕೆ ಒಂದು ದಿನ ಬಾಕಿ ಇತ್ತು. ಅವತ್ತು, ಮೇ 19ರಂದು, ‘ಡೇರ್‌ಡೆವಿಲ್ ಮುಸ್ತಾಫಾ’ ಬಿಡುಗಡೆಯಾಯಿತು. ನಾನು ಬೆಂಗಳೂರಲ್ಲಿ ಮೊದಲ ವಾರವೇ ನೋಡಿದೆ. ನೋಡಿ ಬಂದವನೇ ಕಳಸದ ಕಡೆ ಇರುವ ಚಿಕ್ಕಪ್ಪನಿಗೆ ಫೋನ್ ಮಾಡಿ, “ಮುಂದಿನ ವಾರ ಊರಿಗೆ ಬರ್ತೀನಿ, ಒಟ್ಟಿಗೆ ಹೋಗೋಣ” ಅಂದೆ. ಚಿಕ್ಕಪ್ಪ ತೇಜಸ್ವಿಯವರ ಪುಸ್ತಕಗಳನ್ನು ಹೊಲಿಗೆ ಬಿಚ್ಚಿ ಹೋಗುವವರೆಗೆ ಓದಿದವರು. ನಾನು ಊರು ಮುಟ್ಟುವಷ್ಟರಲ್ಲಿ ನಮಗೆ ಹತ್ತಿರದ ಪಟ್ಟಣದ ಥಿಯೇಟರಿನಲ್ಲಿ ಅದರ ಶೋ ಇರಲಿಲ್ಲ. “ಎಂತ ಮಾರಾಯ, ನಮ್ಮ ಊರಿನ ಕತೆ ನೋಡೋಕೆ ನಾವು ಬೆಂಗ್ಳೂರಿಗೆ ಬರ್ಬೇಕಾ?” ಅಂದರು ಚಿಕ್ಕಪ್ಪ. ಕೊನೆಗೆ ಅದು ಒಟಿಟಿಗೆ ಬಂದ ಮೇಲೆ, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ಕೂತು ನನ್ನ ಮೊಬೈಲಿನಲ್ಲಿ ನೋಡಿದರು. ಮಧ್ಯೆ ನಾಲ್ಕು ಸಲ ನಿಂತಿತು.

ಈಗ ‘ಜುಗಾರಿ ಕ್ರಾಸ್’ ಸಿನಿಮಾ ಆಗ್ತಿದೆ. ನಾನು ಸದ್ಯ ಅತಿ ಹೆಚ್ಚು ಕಾಯ್ತಿರುವ ಕನ್ನಡ ಸಿನಿಮಾ ಅದು. ಆದರೆ ಚಿಕ್ಕಪ್ಪನ ಆ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಅದಕ್ಕೇ ಈ ಬರಹ.

ಯಾಕೆ ಕಾಯಬೇಕು?

‘ಕರಾವಳಿ’ ಚಿತ್ರದ ನಿರ್ದೇಶಕ ಗುರುದತ್ತ ಗಾಣಿಗ ಅವರ ನಿರ್ದೇಶನ, ರಾಜ್ ಬಿ. ಶೆಟ್ಟಿ ನಾಯಕ. 2025ರಲ್ಲಿ ಈ ಘೋಷಣೆ ಬಂದಾಗ ತೇಜಸ್ವಿ ಓದುಗರ ವಾಟ್ಸ್ಯಾಪ್ ಗುಂಪುಗಳಲ್ಲಿ ಖುಷಿ, ಅನುಮಾನ ಎರಡೂ ಕಾಣಿಸಿದವು. ಅನುಮಾನಕ್ಕೆ ಕಾರಣ ಇದೆ. ಇದೇ ಕಾದಂಬರಿಯನ್ನು ಟಿ.ಎಸ್. ನಾಗಾಭರಣ ಅವರು ಚಿರಂಜೀವಿ ಸರ್ಜಾ ನಾಯಕರಾಗಿ ಸಿನಿಮಾ ಮಾಡುತ್ತಾರೆ ಎಂಬ ಘೋಷಣೆ ಹಿಂದೊಮ್ಮೆ ಬಂದಿತ್ತು. ಅದು ತೆರೆ ಕಾಣಲಿಲ್ಲ. 2020ರ ಜೂನ್‌ನಲ್ಲಿ ಚಿರಂಜೀವಿ ತೀರಿಕೊಂಡರು.

ಓದದವರಿಗಾಗಿ ಎರಡು ಮಾತು. ‘ಜುಗಾರಿ ಕ್ರಾಸ್’ 1990ರ ದಶಕದ ಕಾದಂಬರಿ. ಸುರೇಶ, ಗೌರಿ ಎಂಬ ದಂಪತಿ ತಾವು ಬೆಳೆದ ಏಲಕ್ಕಿ ಮಾರಲು ಹೊರಡುತ್ತಾರೆ. ಸುಮಾರು ಒಂದು ದಿನದ ಅವಧಿಯಲ್ಲಿ, ತಮಗೇ ಅರ್ಥವಾಗದ ದೊಡ್ಡದೊಂದು ಜಾಲದೊಳಗೆ ಸಿಕ್ಕಿಬೀಳುತ್ತಾರೆ. ಪಶ್ಚಿಮಘಟ್ಟದ ಕಾಡು, ಆ ಕಾಡನ್ನು ದೋಚುವವರು, ಬೆಳೆಗಾರನಿಗೂ ಮಾರುಕಟ್ಟೆಗೂ ನಡುವೆ ಕೂತಿರುವ ದಲ್ಲಾಳಿಗಳು, ಇವೆಲ್ಲ ಪತ್ತೇದಾರಿ ಕತೆಯ ವೇಗದಲ್ಲಿ ಬರುತ್ತವೆ. ಪುಟ ತಿರುಗಿಸಿಕೊಂಡು ಹೋಗ್ತೀವಿ, ಮುಗಿದ ಮೇಲೆ ನಾವು ಓದಿದ್ದು ಒಂದು ರಾಜಕೀಯ ಕಾದಂಬರಿ ಅಂತ ಹೊಳೆಯುತ್ತೆ.

ನನ್ನ ನಿರೀಕ್ಷೆ ಸರಳ. ಕನ್ನಡ ಸಿನಿಮಾದಲ್ಲಿ ಮಲೆನಾಡು ಅಂದರೆ ಬಹಳ ಸಲ ಹಾಡಿನ ಲೊಕೇಶನ್: ಮಂಜು, ಜಲಪಾತ, ಮೇಲಿಂದ ಡ್ರೋನ್ ಶಾಟ್. ಏಲಕ್ಕಿ ಮಾರಿ ಬಂದ ದುಡ್ಡನ್ನು ಒಳಜೇಬಿನಲ್ಲಿ ಇಟ್ಟುಕೊಂಡವನು ಬಸ್ಸಿನಲ್ಲಿ ಪಕ್ಕದವನ ಮುಖ ನೋಡುವ ರೀತಿ ಇದೆಯಲ್ಲ, ಆ ಹೆದರಿಕೆಯನ್ನು ಪರದೆ ಮೇಲೆ ನೋಡಬೇಕು ಅಂತ ನನಗಾಸೆ. ‘ಒಂದು ಮೊಟ್ಟೆಯ ಕಥೆ’ (2017) ಮಾಡಿದ ರಾಜ್ ಬಿ. ಶೆಟ್ಟಿ ಸಾಮಾನ್ಯ ಮನುಷ್ಯನ ಪುಕ್ಕಲುತನವನ್ನು ನಟಿಸಬಲ್ಲರು. ನನ್ನ ಭಯವೂ ಅಲ್ಲೇ ಇದೆ. ಸುರೇಶ ಹತ್ತು ಜನರನ್ನು ಹೊಡೆದುರುಳಿಸುವ ಹೀರೋ ಆಗಿಬಿಟ್ಟರೆ ಕಾದಂಬರಿ ಉಳಿಯಲ್ಲ. ಅವನ ಕೈಯಲ್ಲಿ ಏನೂ ಇಲ್ಲ ಅನ್ನೋದೇ ಆ ಕತೆಯ ಬಲ.

ಒಂದೇ ಪುಸ್ತಕ, ನಾಲ್ಕು ಸಿನಿಮಾ

ಮೂಡಿಗೆರೆಯ ತೋಟದಲ್ಲಿ ಕೂತು ಬರೆದ ಒಬ್ಬ ಲೇಖಕ ಕನ್ನಡ ಸಿನಿಮಾಕ್ಕೆ ಕೊಟ್ಟಿದ್ದು ಸಣ್ಣದಲ್ಲ. ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಒಂದರಿಂದಲೇ ನಾಲ್ಕು ಚಿತ್ರಗಳು ಬಂದಿವೆ. ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ 1973ರಲ್ಲಿ ಬಂತು. ಗಿರೀಶ್ ಕಾಸರವಳ್ಳಿ ಅವರ ‘ತಬರನ ಕಥೆ’ 1986ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು, ತಬರನಾಗಿದ್ದ ಚಾರುಹಾಸನ್ ಅತ್ಯುತ್ತಮ ನಟರಾದರು. 1992ರಲ್ಲಿ ಸದಾನಂದ ಸುವರ್ಣ ‘ಕುಬಿ ಮತ್ತು ಇಯಾಲ’ ಮಾಡಿದರು. ನಾಲ್ಕನೆಯದು ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’. ಇದರ ಹೊರತಾಗಿ 2016ರಲ್ಲಿ ಸುಮನಾ ಕಿತ್ತೂರು ಅವರ ‘ಕಿರಗೂರಿನ ಗಯ್ಯಾಳಿಗಳು’ ಬಂತು.

‘ಮುಸ್ತಾಫಾ’ದ ವಿಶೇಷ ಏನೆಂದರೆ, ಅದಕ್ಕೆ ದುಡ್ಡು ಹಾಕಿದವರು ತೇಜಸ್ವಿ ಓದುಗರು. ಡಾಲಿ ಧನಂಜಯ ಅರ್ಪಿಸಿದರು. ಹಿಂದೂ ಹುಡುಗರೇ ಇರುವ ತರಗತಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುವ ಕತೆ. ಹಿಜಾಬ್ ಗಲಾಟೆ ನಡೆದ ಮರುವರ್ಷ ಅದು ತೆರೆಗೆ ಬಂತು, ನಂತರ ರಾಜ್ಯ ಸರ್ಕಾರ ತೆರಿಗೆ ವಿನಾಯಿತಿ ಕೊಟ್ಟಿತು. ಅಂದರೆ ಓದುಗರು ಒಟ್ಟಾಗಿ ಒಂದು ಸಿನಿಮಾ ಮಾಡಬಲ್ಲರು ಅಂತ ಸಾಬೀತಾಗಿದೆ. ಅದನ್ನು ಕಳಸದವರೆಗೆ ಮುಟ್ಟಿಸುವುದು ಮಾತ್ರ ಅವರ ಕೈಲಿರಲಿಲ್ಲ. ಅದು ಯಾರ ಕೈಲಿದೆ?

ಪರದೆಗೆ ಬರುವ ದಾರಿ

ಇಲ್ಲಿ ನನ್ನ ಹಳೇ ಎಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ರೀಲಿನ ಕಾಲದಲ್ಲಿ ಸಣ್ಣ ಊರಿಗೆ ಸಿನಿಮಾ ತಡವಾಗಿ ಬರಲು ಒಂದು ಭೌತಿಕ ಕಾರಣ ಇತ್ತು. ಒಂದೊಂದು ಪ್ರಿಂಟ್ ಹಾಕಿಸಲೂ ದೊಡ್ಡ ಖರ್ಚು, ಹಾಗಾಗಿ ಪ್ರಿಂಟ್‌ಗಳು ಕಡಿಮೆ. ದೊಡ್ಡ ಊರಲ್ಲಿ ಓಡಿ, ಗೀರು ಬಿದ್ದ ರೀಲು ಡಬ್ಬಿಗಳು ಬಸ್ಸಿನಲ್ಲಿ ಘಟ್ಟ ಹತ್ತಿ ಬರುತ್ತಿದ್ದವು.

ಈಗ ಪ್ರಿಂಟ್ ಇಲ್ಲ. ಸಿನಿಮಾ ಒಂದು ಡಿಜಿಟಲ್ ಕಡತ. ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಥಿಯೇಟರಿನ ಸರ್ವರ್‌ಗೆ ಬಂದು ಕೂರುತ್ತೆ. ಅದಕ್ಕೊಂದು ಡಿಜಿಟಲ್ ಬೀಗ. ಬೀಗದ ಕೀಲಿ ಇಂಥದ್ದೇ ಸರ್ವರ್‌ಗೆ, ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಲೆಕ್ಕ ಹಾಕಿ ಕಳಿಸುತ್ತಾರೆ. ತಂತ್ರಜ್ಞಾನದ ದೃಷ್ಟಿಯಿಂದ ಬೆಂಗಳೂರಿಗೂ ಮೂಡಿಗೆರೆಗೂ ವ್ಯತ್ಯಾಸವೇ ಇರಬಾರದು. ಎರಡೂ ಕಡೆ ಒಂದೇ ಶುಕ್ರವಾರ, ಒಂದೇ ಗುಣಮಟ್ಟ.

ಹಾಗಾದರೆ ಅಡ್ಡಿ ಎಲ್ಲಿ? ದುಡ್ಡಿನಲ್ಲಿ. ಆ ಡಿಜಿಟಲ್ ವ್ಯವಸ್ಥೆ ಒದಗಿಸುವ ಯುಎಫ್‌ಒ, ಕ್ಯೂಬ್‌ನಂಥ ಕಂಪನಿಗಳಿಗೆ ನಿರ್ಮಾಪಕ ಪ್ರತಿ ಪರದೆಗೂ ಶುಲ್ಕ ಕಟ್ಟಬೇಕು. ದೊಡ್ಡ ಬಜೆಟ್ಟಿನವನಿಗೆ ಅದು ಚಿಲ್ಲರೆ, ಓದುಗರ ದುಡ್ಡಿನಲ್ಲಿ ಸಿನಿಮಾ ಮಾಡಿದವನಿಗೆ ಅಲ್ಲ. ಜನ ಬರುತ್ತಾರೋ ಇಲ್ಲವೋ ಗೊತ್ತಿಲ್ಲದ ಪಟ್ಟಣದ ಪರದೆಯನ್ನು ಅವನು ಮೊದಲೇ ಪಟ್ಟಿಯಿಂದ ಕೈಬಿಡುತ್ತಾನೆ. ಅವನ ಲೆಕ್ಕ ತಪ್ಪು ಅನ್ನೋಕಾಗಲ್ಲ.

ಥಿಯೇಟರ್ ಮಾಲೀಕನ ಲೆಕ್ಕ ಬೇರೆ. ಸಣ್ಣ ಊರಲ್ಲಿ ಒಂದೋ ಎರಡೋ ಪರದೆ. ‘ಕಾಂತಾರ: ಚಾಪ್ಟರ್ 1’ (2025ರ ಅಕ್ಟೋಬರ್ 2) ಥರದ್ದು ಬಂದರೆ ಎಲ್ಲ ಶೋಗಳೂ ಅದಕ್ಕೇ. ಮಲ್ಟಿಪ್ಲೆಕ್ಸ್‌ನಲ್ಲಾದರೆ ಸಣ್ಣ ಸಿನಿಮಾವನ್ನು ಬೆಳಗಿನ ಶೋಗೆ ತಳ್ಳಬಹುದು. ಒಂದೇ ಪರದೆ ಇದ್ದಲ್ಲಿ ತಳ್ಳೋಕೂ ಜಾಗ ಇಲ್ಲ.

ಮೊದಲ ಮೂರು ದಿನದ ಲೆಕ್ಕ

ಶುಕ್ರ, ಶನಿ, ಭಾನು. ಈ ಮೂರು ದಿನ ಎಷ್ಟು ಸೀಟು ತುಂಬಿತು ಅನ್ನೋದನ್ನು ನೋಡಿ ಮುಂದಿನ ವಾರದ ಶೋಗಳು ನಿಗದಿಯಾಗುತ್ತವೆ. ಆ ಗಳಿಕೆ ನೋಡಿಯೇ ಒಟಿಟಿಯವರು, ಟಿವಿಯವರು ಬೆಲೆ ಕಟ್ಟುತ್ತಾರೆ. ಮುಂದೆ ಇಂಥ ಇನ್ನೊಂದು ಸಿನಿಮಾಕ್ಕೆ ದುಡ್ಡು ಹಾಕಬೇಕಾ ಬೇಡವಾ ಅಂತ ನಿರ್ಮಾಪಕರು ತೀರ್ಮಾನಿಸೋದೂ ಅದರ ಮೇಲೇ. ಒಂದರ್ಥದಲ್ಲಿ ಆ ಟಿಕೆಟ್ ಒಂದು ಮತ.

ಈಗ ಕಳಸದ ಕಡೆಯ ಒಬ್ಬ ಹುಡುಗಿ ಆ ಮತ ಹಾಕಬೇಕು ಅಂದರೆ ನೋಡಿ. ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗೋಕೆ ಹತ್ತಿರ ಹತ್ತಿರ ಮೂರು ಗಂಟೆ, ಬರೋಕೆ ಅಷ್ಟೇ. ಕೊನೇ ಬಸ್ಸು ತಪ್ಪಬಾರದು, ಹಾಗಾಗಿ ಫಸ್ಟ್ ಶೋ ಆಗಲ್ಲ, ಮ್ಯಾಟಿನಿಗೇ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮರ ಬಿದ್ದರೆ ರಸ್ತೆಯೇ ಬಂದ್. ನವೆಂಬರ್‌ನಿಂದ ಕಾಫಿ ಕೊಯ್ಲು: ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ, ಮಾರ್ಚ್‌ವರೆಗೂ ಎಳೆಯುತ್ತೆ. ಲೈನ್ ಮನೆಯಲ್ಲಿ ಇರುವವರಿಗೆ ಒಂದು ದಿನ ಸಿನಿಮಾಕ್ಕೆ ಹೋಗೋದು ಅಂದರೆ ಬಸ್ ಚಾರ್ಜು, ಊಟ, ಟಿಕೆಟ್ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ಇವರೆಲ್ಲ ಮೊದಲ ಮೂರು ದಿನದಲ್ಲಿ ಲೆಕ್ಕಕ್ಕೆ ಸಿಗಲ್ಲ. ಆಮೇಲೆ “ಇಂಥ ಸಿನಿಮಾಗಳನ್ನು ಜನ ನೋಡಲ್ಲ” ಅಂತ ಷರಾ ಬರೆಯುತ್ತಾರೆ. ಯಾವ ಜನರನ್ನು ಕೇಳಿ ಬರೆದದ್ದು?

ಬೇರೆ ಥರವೂ ಆಗಬಹುದು ಅಂತ ತೋರಿಸಿದ್ದು ‘ಸು ಫ್ರಮ್ ಸೋ’. 2025ರ ಜುಲೈ 25ರಂದು ಬಂದ ಈ ಚಿತ್ರದಲ್ಲಿ ದೊಡ್ಡ ಸ್ಟಾರ್ ಇರಲಿಲ್ಲ. ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಬಿಡುಗಡೆಗೆ ಮುಂಚೆ ಬೆಂಗಳೂರಿನ ಆಚೆಯ ಊರುಗಳಲ್ಲೂ ಪೇಯ್ಡ್ ಪ್ರೀಮಿಯರ್ ಮಾಡಿದರು. ಬಾಯಿಂದ ಬಾಯಿಗೆ ಮಾತು ಹರಡಿ ಶೋಗಳು ಹೆಚ್ಚುತ್ತಾ ಹೋದವು, ಗಳಿಕೆ 100 ಕೋಟಿ ದಾಟಿತು. ‘ಜುಗಾರಿ ಕ್ರಾಸ್’ಗೂ ಇದೇ ರಾಜ್ ಇದ್ದಾರೆ ಅನ್ನೋದು ನನ್ನ ಆಸೆಗೆ ಇನ್ನೊಂದು ಕಾರಣ.

ಒಟಿಟಿ ಇದೆಯಲ್ಲ?

ಇದೆ, ಆದರೆ ನಂಬೋ ಹಾಗಿಲ್ಲ. ಕೋವಿಡ್ ಸಮಯದಲ್ಲಿ ಇದ್ದ ಉತ್ಸಾಹ ಈಗಿಲ್ಲ. ರಕ್ಷಿತ್ ಶೆಟ್ಟಿ ಅವರಂಥವರೇ ‘ಏಕಂ’ ಸರಣಿಗೆ ವೇದಿಕೆ ಸಿಗದೆ, 2024ರ ಜುಲೈನಲ್ಲಿ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಕೇರಳ ಸರ್ಕಾರ ಅದೇ ವರ್ಷದ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಹೆಸರಿನ ತನ್ನದೇ ಒಟಿಟಿ ಶುರು ಮಾಡಿತು. ನಮ್ಮಲ್ಲೂ 2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕನ್ನಡ ಸಿನಿಮಾಗಳಿಗಾಗಿ ಒಟಿಟಿ ಘೋಷಿಸಿದರು. ಒಳ್ಳೇದೇ. ಆದರೆ ಜಗಲಿ ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಊರಿಗೆ ಒಟಿಟಿ ಥಿಯೇಟರಿನ ಜಾಗ ತುಂಬಲ್ಲ.

ಅದೇ ಬಜೆಟ್‌ನ ಇನ್ನೊಂದು ಘೋಷಣೆ ಟಿಕೆಟ್‌ಗೆ 200 ರೂಪಾಯಿ ಮಿತಿ. ಸೆಪ್ಟೆಂಬರ್‌ನಲ್ಲಿ ನಿಯಮ ಬಂತು: ತೆರಿಗೆ ಬಿಟ್ಟು 200, ಆದರೆ 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದೇ ಹೊತ್ತಿಗೆ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆದದ್ದು ಮಲ್ಟಿಪ್ಲೆಕ್ಸ್ ದರದ ಬಗ್ಗೆ. ಆ ಚರ್ಚೆ ಬೇಕು, ನಾನೂ ಮಿತಿಯ ಪರ. ಆದರೆ ಟಿಕೆಟ್ ದುಬಾರಿ ಅನ್ನೋದು ಪರದೆ ಇರುವ ಊರಿನ ಕಷ್ಟ. ಹತ್ತಿರದಲ್ಲಿ ಪರದೆಯೇ ಇಲ್ಲದವರ ಬಗ್ಗೆ ಯಾವ ನಿಯಮವೂ ಬರಲಿಲ್ಲ.

ಏನು ಕೇಳಬಹುದು?

ಒಂದು, ತಾಲೂಕಿಗೊಂದು ಸಾರ್ವಜನಿಕ ಪರದೆ. ಇದು ಕನಸಿನ ಮಾತಲ್ಲ. ಕೇರಳದಲ್ಲಿ ಸರ್ಕಾರಿ ಚಲನಚಿತ್ರ ಅಭಿವೃದ್ಧಿ ನಿಗಮವೇ ಥಿಯೇಟರ್ ನಡೆಸುತ್ತದೆ. ತಿರುವನಂತಪುರದಲ್ಲಷ್ಟೇ ಅಲ್ಲ, ಚೇರ್ತಲದಂಥ ಪಟ್ಟಣದಲ್ಲೂ. ಕೊಟ್ಟಿಗೆಹಾರದಲ್ಲಿ ಸರ್ಕಾರವೇ ಸ್ಥಾಪಿಸಿದ ತೇಜಸ್ವಿ ಪ್ರತಿಷ್ಠಾನ ಇದೆ. ತೇಜಸ್ವಿ ಕತೆಗಳ ಸಿನಿಮಾ ತೋರಿಸಲು ಅದಕ್ಕಿಂತ ಒಳ್ಳೆ ಜಾಗ ಯಾವುದು?

ಎರಡು, ತೆರಿಗೆ ವಿನಾಯಿತಿ ಕೊಡುವಾಗ ಸರ್ಕಾರ ಒಂದು ಷರತ್ತು ಹಾಕಲಿ. ಪರದೆ ಕಡಿಮೆ ಇರುವ ತಾಲೂಕುಗಳಲ್ಲೂ ಇಷ್ಟು ಪ್ರದರ್ಶನ ಆಗಬೇಕು, ಅದರ ಡಿಜಿಟಲ್ ಶುಲ್ಕವನ್ನು ಸರ್ಕಾರ ಭರಿಸುತ್ತೆ ಅಂತ.

ಮೂರು, ನಾವು ಮಾಡಬಹುದಾದದ್ದು. ಇಡೀ ಶೋ ಮೊದಲೇ ಬುಕ್ ಆಗುತ್ತೆ ಅಂತ ಗೊತ್ತಾದರೆ ಬೇಡ ಅನ್ನುವ ಥಿಯೇಟರ್ ಮಾಲೀಕ ಅಪರೂಪ. ಸಿನಿಮಾ ಮಾಡಲು ದುಡ್ಡು ಹಾಕಿದ ಓದುಗರು ಒಂದು ಶೋ ತುಂಬಿಸಲಾರರೇ? ಮೂಡಿಗೆರೆ, ಕಳಸ, ಬಾಳೆಹೊನ್ನೂರು, ಕೊಪ್ಪದ ಕಾಲೇಜು ಹುಡುಗರು ಈಗಿನಿಂದಲೇ ಹೆಸರು ಬರೆದಿಟ್ಟುಕೊಂಡು ಚಿತ್ರತಂಡಕ್ಕೆ ಕಳಿಸಬಹುದು. ಮೊದಲ ಪ್ರೀಮಿಯರ್ ಬೆಂಗಳೂರಲ್ಲಿ ಬೇಡ, ಘಟ್ಟದ ಮೇಲೆ ಮಾಡಿ ಅಂತ ಕೇಳಬಹುದು.

ಮೊನ್ನೆ ಚಿಕ್ಕಪ್ಪನಿಗೆ ಮತ್ತೆ ಫೋನ್ ಮಾಡಿದ್ದೆ. ‘ಜುಗಾರಿ ಕ್ರಾಸ್’ ಸಿನಿಮಾ ಆಗ್ತಿದೆ ಅಂತ ಅವರಿಗೆ ನನಗಿಂತ ಮುಂಚೆ ಗೊತ್ತಿತ್ತು. ಪುಸ್ತಕ ಮತ್ತೊಮ್ಮೆ ಓದಿ ಮುಗಿಸಿದ್ದಾರಂತೆ. “ಈ ಸಲ ಮೊಬೈಲಲ್ಲಿ ನೋಡಲ್ಲ ಮಾರಾಯ, ಕಣ್ಣು ಸರಿಯಿಲ್ಲ. ದೊಡ್ಡ ಪರದೇಲಿ ತೋರ್ಸೋದಾದ್ರೆ ತೋರ್ಸು” ಅಂದರು.

ಹೆಸರು ಬರೆಯೋ ಪಟ್ಟಿಯಲ್ಲಿ ಮೊದಲನೆಯದು ಅವರದ್ದು.