ಮಕ್ಕಳ ಪುಸ್ತಕದ ಚಿತ್ರಕಾರ

ಓದುಬರಹ ಬಾರದ ಮಗುವಿನ ಕೈಗೆ ಪುಸ್ತಕವೊಂದನ್ನು ಕೊಟ್ಟರೆ ಅದು ಮೊದಲು ನೋಡುವುದು ಚಿತ್ರವನ್ನು. ಅಕ್ಷರಗಳು ಅದರ ಕಣ್ಣಿಗೆ ಇರುವೆಗಳ ಸಾಲಿನಂತೆ ತೋರುತ್ತವೆ. ಚಿತ್ರವಾದರೋ ಕಂಡ ಕೂಡಲೇ ಮಾತನಾಡತೊಡಗುತ್ತದೆ. ಕನ್ನಡದಲ್ಲಿ ಚಿತ್ರವನ್ನು 'ಬರೆಯುವುದು' ಎಂದೇ ಹೇಳುವ ರೂಢಿಯಿದೆ. ಕಥೆಯನ್ನು ಬರೆದವನಂತೆ ಚಿತ್ರವನ್ನು ಬರೆದವನೂ ಪುಸ್ತಕದ ಕರ್ತೃವೇ ಎಂಬ ಅರ್ಥ ಈ ರೂಢಿಯಲ್ಲಿಯೇ ಅಡಗಿದೆ. ಹೀಗಿದ್ದರೂ ಕಥೆಗಾರನ ಹೆಸರು ಮುಖಪುಟದ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾದರೆ, ಚಿತ್ರಕಾರನ ಹೆಸರು ಒಳಪುಟದ ಯಾವುದೋ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹಳೆಯ ಎಷ್ಟೋ ಪುಸ್ತಕಗಳಲ್ಲಿ ಅದೂ ಇಲ್ಲ. ಅಕ್ಷರ ಬಾರದ ಮಗುವಿಗೆ ಲೋಕವನ್ನು ಮೊದಲು ಓದಿಸುವ ಈ ವ್ಯಕ್ತಿ ಯಾರು, ಆತನ ದುಡಿಮೆ ಎಂಥದು ಎಂಬುದನ್ನು ಅರಿಯುವುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಪ್ರಯೋಜನಕರವಾದುದು.

ಚಿತ್ರಗಳ ಮೂಲಕ ಕಥೆ ಹೇಳುವ ಕಲೆ ಮಂಡ್ಯದ ಸೀಮೆಗೆ ಹೊಸದಲ್ಲ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ನಿರ್ಮಾಣಗೊಂಡ ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತಗಳ ಪ್ರಸಂಗಗಳು ಮೂಡಿವೆ. ಮಳವಳ್ಳಿಗೆ ನೆರೆಯಾದ ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಪ್ರದಕ್ಷಿಣೆ ಬರುವವನ ಕಣ್ಣೆದುರಿಗೆ ಕಥೆಯು ಹಾಳೆ ಹಾಳೆಯಾಗಿ ತೆರೆದುಕೊಳ್ಳುತ್ತದೆ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ವರ್ಣಚಿತ್ರವಿದೆ. ಶಾಲೆಯ ಪ್ರವಾಸದಲ್ಲಿ ಇವುಗಳನ್ನು ಕಂಡ ಮಕ್ಕಳು ತಮಗರಿವಿಲ್ಲದೆಯೇ ಹಿರಿಯ ಚಿತ್ರಪುಸ್ತಕಗಳನ್ನು ಓದಿರುತ್ತಾರೆ. ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಸೋಮನಾಥಪುರದ ಶಿಲ್ಪಿಗಳಲ್ಲಿ ಒಬ್ಬನಾದ ಮಲ್ಲಿತಮ್ಮನು ತಾನು ಕಡೆದ ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕೆತ್ತಿದ್ದಾನೆ. ಏಳು ಶತಮಾನಗಳಿಗೂ ಹಿಂದಿನ ಆ ಶಿಲ್ಪಿಯ ಹೆಸರು ಇಂದಿಗೂ ಉಳಿದಿದೆ. ನಿನ್ನೆ ಮೊನ್ನೆ ಅಚ್ಚಾದ ಮಕ್ಕಳ ಪುಸ್ತಕದ ಚಿತ್ರಕಾರನ ಹೆಸರು ಉಳಿದಿಲ್ಲ!

ಮಕ್ಕಳಿಗಾಗಿಯೇ ಅಚ್ಚಾದ ಸಚಿತ್ರ ಪುಸ್ತಕಗಳಲ್ಲಿ 1658ರಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞನು ಪ್ರಕಟಿಸಿದ 'ಆರ್ಬಿಸ್ ಪಿಕ್ಟಸ್' ಎಂಬುದನ್ನು ಆದ್ಯವಾದವುಗಳಲ್ಲಿ ಒಂದೆಂದು ಎಣಿಸುತ್ತಾರೆ. ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ದ ಸಂಪುಟಗಳನ್ನು ಹೊರತಂದು, ಮಕ್ಕಳ ಜ್ಞಾನಕ್ಕೆ ಚಿತ್ರವು ಎಷ್ಟು ಆವಶ್ಯಕವೆಂಬುದನ್ನು ತೋರಿಸಿಕೊಟ್ಟರು. 1947ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳುಗಳಲ್ಲಿ ಆರಂಭವಾದ 'ಚಂದಮಾಮ' 1949ರಲ್ಲಿ ಕನ್ನಡಕ್ಕೂ ಬಂದಿತು. ಕನ್ನಡಿಗರಾದ ಎಂ. ಟಿ. ವಿ. ಆಚಾರ್ಯರು ಅದರ ಮುಖಪುಟಗಳಿಗೆ ಮಹಾಭಾರತದ ಪ್ರಸಂಗಗಳನ್ನು ವರ್ಣಗಳಲ್ಲಿ ಬರೆದರು. ಮುಂದೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ನಡೆಸಿ, ಕಲಾಶಾಲೆಯ ಮೆಟ್ಟಿಲು ಹತ್ತಲಾಗದ ಹಳ್ಳಿಯ ಹುಡುಗರಿಗೂ ಅಂಚೆಯ ಮೂಲಕ ಚಿತ್ರಕಲೆಯನ್ನು ಕಲಿಸಿದರು. ಹೆಗಲ ಮೇಲೆ ಶವವನ್ನು ಹೊತ್ತು, ಕೈಯಲ್ಲಿ ಖಡ್ಗ ಹಿಡಿದು ನಡೆವ ವಿಕ್ರಮರಾಯನ ಚಿತ್ರವನ್ನು ಮರೆತ ಹಳೆಯ ಓದುಗರಿಲ್ಲ. ಅದನ್ನು ಬರೆದ ಕೆ. ಸಿ. ಶಿವಶಂಕರನ್ ಅವರು 1950ರ ದಶಕದ ಆರಂಭದಲ್ಲಿ ಚಂದಮಾಮವನ್ನು ಸೇರಿ, ಸುಮಾರು ಅರವತ್ತು ವರ್ಷ ಅಲ್ಲಿಯೇ ದುಡಿದರು. ಪತ್ರಿಕೆಯು 2013ರ ಹೊತ್ತಿಗೆ ನಿಂತುಹೋಯಿತು. ಅವರು 2020ರಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ನಿಧನರಾದರು. ಪದ್ಮಶ್ರೀ ಪ್ರಶಸ್ತಿ ಬಂದುದು ಅವರ ಮರಣಾನಂತರ, 2021ರಲ್ಲಿ. ಆದರೆ ಚಿತ್ರದ ಅಂಚಿನಲ್ಲಿ 'ಶಂಕರ್' ಎಂಬ ಪುಟ್ಟ ಸಹಿಯನ್ನು ಮಕ್ಕಳು ಎಂದೋ ಗುರುತಿಸಿದ್ದರು.

ಇಂಥ ಚಿತ್ರಕಾರನ ಕೆಲಸ ಕುಂಚದಿಂದ ಆರಂಭವಾಗುವುದಿಲ್ಲ, ಓದಿನಿಂದ ಆರಂಭವಾಗುತ್ತದೆ. ಪ್ರಕಾಶಕರು ಕಳುಹಿದ ಹಸ್ತಪ್ರತಿಯನ್ನು ಆತನು ಮತ್ತೆ ಮತ್ತೆ ಓದುತ್ತಾನೆ. ದೊಡ್ಡ ಕಾಗದವನ್ನು ಮಡಿಸಿ ಅಚ್ಚುಹಾಕುವುದರಿಂದ ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಅಥವಾ 32 ಪುಟಗಳವಾಗಿರುತ್ತವೆ. ಕಥೆಯನ್ನು ಆ ಪುಟಗಳಿಗೆ ಸರಿಯಾಗಿ ಹಂಚಬೇಕು. ಯಾವ ಸಂಗತಿಯನ್ನು ಯಾವ ಪುಟದಲ್ಲಿ ತೋರಿಸಬೇಕು, ಯಾವುದನ್ನು ಪುಟ ಮಗುಚುವವರೆಗೆ ಬಚ್ಚಿಡಬೇಕು ಎಂಬುದರ ಮೇಲೆ ಮಗುವಿನ ಕುತೂಹಲವು ನಿಂತಿದೆ. ಹುಲಿಯು ಪೊದೆಯಿಂದ ನೆಗೆಯುವ ಚಿತ್ರವು ಬಲಪುಟದಲ್ಲಿ ಮೊದಲೇ ಕಂಡುಬಿಟ್ಟರೆ, ಎಡಪುಟದಲ್ಲಿ ಪೊದೆ ಅಲುಗಾಡಿದ ಮಾತಿಗೆ ಅರ್ಥವೇ ಉಳಿಯದು. ಆದುದರಿಂದ ಆತನು ಖಾಲಿ ಹಾಳೆಗಳನ್ನು ಮಡಿಸಿ ಹೊಲಿದು ಸಣ್ಣ ಮಾದರಿ ಪುಸ್ತಕವೊಂದನ್ನು ಮಾಡಿಕೊಂಡು, ಅದರಲ್ಲಿ ಸೀಸದ ಕಡ್ಡಿಯಿಂದ ಸ್ಥೂಲ ರೇಖೆಗಳನ್ನು ಎಳೆದು ನೋಡುತ್ತಾನೆ. ಮೊದಲ ಪುಟದಲ್ಲಿ ಅಜ್ಜಿಯ ಸೀರೆಗೆ ಕೆಂಪಂಚಿದ್ದರೆ ಕೊನೆಯ ಪುಟದಲ್ಲಿಯೂ ಕೆಂಪಂಚೇ ಇರಬೇಕು. ದೊಡ್ಡವರು ಮರೆಯುವ ಇಂಥ ತಪ್ಪನ್ನು ಮಗು ಮರೆಯುವುದಿಲ್ಲ.

ಇದಾದ ಬಳಿಕ ಬರುವುದು ನೋಡುವ ಕೆಲಸ. ಇದೇ ಈ ವೃತ್ತಿಯ ಜೀವಾಳ. ಕಥೆಯಲ್ಲಿ 'ಒಂದು ಕುರಿ ಇತ್ತು' ಎಂಬ ಮೂರೇ ಪದಗಳಿದ್ದಾವು. ಆದರೆ ಚಿತ್ರಕಾರನು ಬರಿಯ ಕುರಿಯನ್ನು ಬರೆಯಲಾರ; ಯಾವುದೋ ಒಂದು ಕುರಿಯನ್ನೇ ಬರೆಯಬೇಕು. ಪರದೇಶದ ಪುಸ್ತಕವೊಂದನ್ನು ನೋಡಿ ಮೈತುಂಬ ಗುಂಗುರು ಉಣ್ಣೆಯ ಕುರಿಯನ್ನು ಇಳಿಸಿಕೊಂಡರೆ, ಮಳವಳ್ಳಿ ತಾಲ್ಲೂಕಿನ ಬಂಡೂರಿನ ಮಗು ಅದನ್ನು ಕಂಡು 'ಇದಾವ ಪ್ರಾಣಿ?' ಎಂದು ಕೇಳದಿರದು. ಆ ಮಗು ಬಲ್ಲ ಬಂಡೂರು ಕುರಿಯ ಮೈ ಪೀಪಾಯಿಯಂತೆ ದುಂಡಗಿದ್ದು, ಕಾಲುಗಳು ಗಿಡ್ಡವಾಗಿರುತ್ತವೆ. ಅಂತೆಯೇ ಹಳ್ಳಿಕಾರ್ ಎತ್ತಿನ ಕೊಂಬುಗಳು ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮುಂದಕ್ಕೆ ತಿರುಗುತ್ತವೆ. ರಾಗಿಯ ತೆನೆಯು ಮುಚ್ಚಿದ ಬೆರಳುಗಳಂತಿರುತ್ತದೆ. ಭತ್ತದ ತೆನೆಯು ಭಾರಕ್ಕೆ ಬಾಗಿರುತ್ತದೆ. ಮಂಡ್ಯದ ಆಲೆಮನೆಯನ್ನು ಬರೆಯಬೇಕಾದರೆ ಕಬ್ಬು ಗಾಣಕ್ಕೆ ಹೋಗುವ ಬಗೆ, ಒಣಗಿದ ಸಿಪ್ಪೆಯೇ ಒಲೆಗೆ ಉರುವಲಾಗುವ ಬಗೆ, ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗಿ ಅಚ್ಚಿಗೆ ಇಳಿಯುವ ಬಗೆ ಎಲ್ಲವೂ ತಿಳಿದಿರಬೇಕು. ಮದ್ದೂರಿನ ಬಳಿ ಹರಿವ ಶಿಂಷಾ ನದಿಯೂ, ಗದ್ದೆಗಳಿಗೆ ನೀರು ತರುವ ವಿಶ್ವೇಶ್ವರಯ್ಯ ನಾಲೆಯೂ, ಗಗನಚುಕ್ಕಿಯ ಧುಮ್ಮಿಕ್ಕುವ ಜಲಪಾತವೂ ನೀರೇ ಆದರೂ, ಮೂರರ ರೇಖೆ ಬೇರೆ, ಬಣ್ಣ ಬೇರೆ. ಆದುದರಿಂದಲೇ ಒಳ್ಳೆಯ ಚಿತ್ರಕಾರನ ಜೋಳಿಗೆಯಲ್ಲಿ ಸದಾ ಒಂದು ಸಣ್ಣ ಪುಸ್ತಕವೂ ಸೀಸದ ಕಡ್ಡಿಯೂ ಇರುತ್ತವೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಕಣದಲ್ಲಿ ಕಂಡುದನ್ನು ಆತನು ಅಲ್ಲಿಯೇ ಗುರುತುಹಾಕಿಕೊಳ್ಳುತ್ತಾನೆ. ತನ್ನ ಊರಿನ ಕುರಿ, ತನ್ನ ಮನೆಯ ಜಗಲಿ, ತನ್ನ ತಾಯಿಯ ಉಡುಗೆ ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಕಂಡ ಮಗುವಿಗೆ ತನ್ನ ಬದುಕೂ ಪುಸ್ತಕಕ್ಕೆ ಯೋಗ್ಯವಾದುದೆಂಬ ಭರವಸೆ ಹುಟ್ಟುತ್ತದೆ. ಇದು ಸಣ್ಣ ಉಪಕಾರವಲ್ಲ.

ಮುದ್ರಣದ ಕಟ್ಟುಪಾಡುಗಳನ್ನೂ ಚಿತ್ರಕಾರನು ಅರಿತಿರಬೇಕು. ಅಚ್ಚಿನ ಮೊಳೆಗಳ ಕಾಲದಲ್ಲಿ ಮಸಿಯಿಂದ ಬರೆದ ರೇಖಾಚಿತ್ರವನ್ನು ಸತುವಿನ ಬ್ಲಾಕುಗಳಾಗಿ ಮಾಡಿಸುತ್ತಿದ್ದರು. ಅಚ್ಚಿನಲ್ಲಿ ಚಿಕ್ಕದಾದಾಗ ಗೆರೆಗಳು ಅಚ್ಚುಕಟ್ಟಾಗಿ ಕಾಣಲೆಂದು ಮೂಲ ಚಿತ್ರವನ್ನು ದೊಡ್ಡದಾಗಿ ಬರೆಯುವ ಪದ್ಧತಿಯಿತ್ತು. ಬಣ್ಣ ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತಿದ್ದುದರಿಂದ ಎಷ್ಟೋ ಪುಸ್ತಕಗಳು ಕಪ್ಪಿನೊಡನೆ ಇನ್ನೊಂದೇ ಬಣ್ಣದಲ್ಲಿ ಹೊರಬಂದವು. ಆಫ್‌ಸೆಟ್ ಮುದ್ರಣವು ನಾಲ್ಕು ಬಣ್ಣಗಳ ಚಿತ್ರಗಳನ್ನು ಸುಲಭಗೊಳಿಸಿತು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯದಂಥ ಮಾಲೆಗಳಲ್ಲಿ ಅವೇ ಚಿತ್ರಗಳು ಅನೇಕ ಭಾಷೆಗಳಲ್ಲಿ ಅಚ್ಚಾಗುತ್ತವೆ. ಅಕ್ಷರಗಳನ್ನು ಕಪ್ಪಿನಲ್ಲಿ ಮಾತ್ರ ಇಟ್ಟರೆ ಕಪ್ಪಿನ ಫಲಕವೊಂದನ್ನೇ ಬದಲಿಸಿದರೆ ಸಾಕಾಗುತ್ತದೆ. ಕನ್ನಡಕ್ಕೆ ಇನ್ನೊಂದು ಎಚ್ಚರಿಕೆಯೂ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕಾಗುತ್ತದೆ. ಇದನ್ನು ಎಣಿಸದೆ ಬರೆದ ಚಿತ್ರದ ಮೇಲೆ ಮಾತುಗಳು ಹತ್ತಿ ಕುಳಿತು ಎರಡೂ ಕೆಡುತ್ತವೆ. ಇಂದು ಅನೇಕರು ಗಣಕಯಂತ್ರದ ಫಲಕದ ಮೇಲೆಯೇ ಬರೆಯುತ್ತಾರೆ. ತಿದ್ದುವುದು ಸುಲಭವಾಗಿದೆ, ನೋಡುವ ಶ್ರಮ ಮಾತ್ರ ಕಡಿಮೆಯಾಗಿಲ್ಲ.

ಜೀವನೋಪಾಯದ ಮಾತು ಅಷ್ಟು ಹಿತಕರವಲ್ಲ. ಚಂದಮಾಮದಂಥ ಸಂಸ್ಥೆಯಲ್ಲಿ ತಿಂಗಳ ಸಂಬಳ ಪಡೆದವರು ಕೆಲವರು. ಉಳಿದವರಿಗೆ ಚಿತ್ರಕ್ಕಿಷ್ಟು ಅಥವಾ ಪುಸ್ತಕಕ್ಕಿಷ್ಟು ಎಂದು ಒಮ್ಮೆ ಕೊಡುವ ಸಂಭಾವನೆಯೇ ಗತಿ. ಪುಸ್ತಕವು ಹತ್ತು ಮುದ್ರಣಗಳನ್ನು ಕಂಡರೂ ಎರಡನೆಯ ಸಲ ಹಣ ಬಾರದಿರುವುದುಂಟು. ಆದುದರಿಂದ ಶಾಲೆಯ ಡ್ರಾಯಿಂಗ್ ಮೇಷ್ಟರಾಗಿಯೋ, ಪತ್ರಿಕಾಲಯದಲ್ಲಿಯೋ, ನಾಮಫಲಕ ಬರೆದೋ ಸಂಸಾರ ಸಾಗಿಸುತ್ತ, ರಾತ್ರಿಯ ವೇಳೆ ಮಕ್ಕಳ ಪುಸ್ತಕಕ್ಕೆ ಬರೆದವರು ಹಲವರು. ಇದಕ್ಕೆ ಕಾನೂನಿನ ಅಜ್ಞಾನವೂ ಒಂದು ಕಾರಣ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರವೂ ಸ್ವತಂತ್ರ ಕೃತಿಯೇ. ಸಂಬಳದ ನೌಕರನಾಗಿಯೋ ಹಣ ಕೊಟ್ಟವರ ಕೋರಿಕೆಯಂತೆಯೋ ಬರೆದುದಲ್ಲದಿದ್ದರೆ, ಅದರ ಮೊದಲ ಒಡೆಯನು ಸಾಮಾನ್ಯವಾಗಿ ಚಿತ್ರಕಾರನೇ. ಹಕ್ಕನ್ನು ವಹಿಸಿಕೊಡುವುದು ಲಿಖಿತ ರೂಪದಲ್ಲಿರಬೇಕು. ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದು ಭಾವಿಸಲ್ಪಡುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ಹಕ್ಕನ್ನು ಪೂರ್ತಿಯಾಗಿ ಮಾರಿದ ಮೇಲೆಯೂ 'ಇದು ನನ್ನ ಕೃತಿ' ಎಂದು ಹೇಳಿಕೊಳ್ಳುವ ಅಧಿಕಾರವನ್ನು ಆ ಕಾಯಿದೆಯ 57ನೆಯ ಪ್ರಕರಣವು ಕರ್ತೃವಿಗೆ ಉಳಿಸಿಕೊಟ್ಟಿದೆ. ಮಲ್ಲಿತಮ್ಮನು ಉಳಿಯಿಂದ ಪಡೆದುಕೊಂಡುದನ್ನು ಇಂದಿನ ಚಿತ್ರಕಾರನಿಗೆ ಕಾನೂನು ಕೊಟ್ಟಿದೆ. ಕೇಳಿ ಪಡೆಯುವ ಧೈರ್ಯ ಮಾತ್ರ ಬೇಕು.

ಕಾಲವೂ ಕೆಲಮಟ್ಟಿಗೆ ಬದಲಾಗಿದೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಪ ಬೆಲೆಯ ಚಿತ್ರಪುಸ್ತಕಗಳನ್ನು ಹೊರತಂದು, ಕಥೆಗಾರನ ಹೆಸರಿನೊಡನೆ ಚಿತ್ರಕಾರನ ಹೆಸರನ್ನೂ ಅಚ್ಚುಹಾಕುತ್ತ ಬಂದಿದೆ. ಈ ವೃತ್ತಿಯಲ್ಲಿ ಆಸಕ್ತಿಯುಳ್ಳ ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಗಳಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಾಗಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಾಗಲಿ ದೂರವೇನಲ್ಲ. ಆದರೆ ಯಾವ ಕಲಾಶಾಲೆಗೂ ಮೊದಲು ಮನೆಯ ಹಿತ್ತಿಲು, ಊರ ಕೆರೆ, ಆಲೆಮನೆಗಳೇ ಪಾಠಶಾಲೆಗಳು. ದಿನಕ್ಕೊಂದು ವಸ್ತುವನ್ನು ಕಣ್ಣಿಟ್ಟು ನೋಡಿ ಬರೆಯುವ ಅಭ್ಯಾಸಕ್ಕೆ ಹಾಳೆ ಮತ್ತು ಸೀಸದ ಕಡ್ಡಿಯ ಹೊರತು ಬೇರೆ ಖರ್ಚಿಲ್ಲ.

ಹೆಸರೆಂಬುದು ಕೇವಲ ಕೀರ್ತಿಯ ಆಸೆಯಲ್ಲ, ಹೊಣೆಗಾರಿಕೆಯ ಗುರುತು. ಕಂಡುದನ್ನು ಕಂಡಂತೆ ಬರೆದೆನೆಂದು ಮಗುವಿಗೆ ಕೊಟ್ಟ ಮಾತಿಗೆ ಹಾಕಿದ ಸಹಿ ಅದು. ಕಾಯಕದ ಹಿರಿಮೆಯನ್ನು ಮಕ್ಕಳಿಗೆ ಬೋಧಿಸುವ ಶಾಲೆಗಳಲ್ಲಿ, ಕಥೆಯ ಪುಸ್ತಕವನ್ನು ತೆರೆದಾಗ ಅಧ್ಯಾಪಕರು ಬರೆದವರ ಹೆಸರಿನೊಡನೆ ಚಿತ್ರ ಬರೆದವರ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ಒಂದು ಕ್ಷಣದ ಆ ಓದಿನಿಂದ ದುಡಿದವನಿಗೆ ಮನ್ನಣೆ ದೊರೆಯುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕದ ಅಂಚಿನಲ್ಲಿ ಎತ್ತಿನ ಕೊಂಬನ್ನು ಗೀಚುತ್ತಿರುವ ಹುಡುಗನಿಗೋ ಹುಡುಗಿಗೋ, ತಾನು ಮಾಡುತ್ತಿರುವುದು ತುಂಟತನವಲ್ಲ, ಗೌರವದ ದುಡಿಮೆಯೊಂದರ ಮೊದಲ ಪಾಠವೆಂಬ ಅರಿವೂ ಮೂಡೀತು.