ಕವಣೆ ಕಲ್ಲು, ಪಿಯಾನೊ ಸುತ್ತಿಗೆ

ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಜೋಳ ತೆನೆ ಕಟ್ಟಿತೆಂದರೆ ಗಿಳಿ ಹಿಂಡು ಇಳಿಯುತ್ತಿತ್ತು. ಅಟ್ಟಣೆ ಹತ್ತಿ ಕವಣೆ ಬೀಸುವುದನ್ನು ನಾನು ಕಲಿತದ್ದು ಆಗ. ಕಲ್ಲು ಕವಣೆಯಲ್ಲಿ ಇರುವಷ್ಟು ಹೊತ್ತು ಅದು ನಮ್ಮದು, ಹುರಿಯ ತುದಿ ಬಿಟ್ಟ ಕ್ಷಣದಿಂದ ಅದು ಗಾಳಿಯದು. ಗುರಿ ತಪ್ಪಿತೆಂದು ತಿಳಿಯುವಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಕೈ ಸರಿಪಡಿಸಿಕೊಳ್ಳಬೇಕಾದದ್ದೆಲ್ಲ ಬಿಡುವುದಕ್ಕೆ ಮೊದಲೇ.

ಈಗ ಅಲ್ಲಿನ ನಮ್ಮ ಮನೆಯಲ್ಲಿ ಒಂದು ಡಿಜಿಟಲ್ ಪಿಯಾನೊ ಇದೆ. ಅದರ ಮೇಲೆ ಶೋಪಾನನ ‘ಫ್ಯಾಂಟಸಿ ಇಂಪ್ರಾಂಪ್ಟು’ ಕಲಿಯಲು ಕೂತಾಗಿನಿಂದ ಕವಣೆ ಮತ್ತೆ ಮತ್ತೆ ನೆನಪಾಗುತ್ತಿದೆ. 1834ರಲ್ಲಿ ಬರೆದ ಈ ಕೃತಿಯನ್ನು ಶೋಪಾನ್ ಬದುಕಿರುವವರೆಗೆ ಅಚ್ಚಿಗೆ ಕೊಡಲಿಲ್ಲ. ಅವನು ತೀರಿಕೊಂಡ ಆರು ವರ್ಷಗಳ ಮೇಲೆ, 1855ರಲ್ಲಿ, ಗೆಳೆಯ ಫೊಂಟಾನ ಪ್ರಕಟಿಸಿದ.

ಪಿಯಾನೊ ಒಳಗೆ ನಡೆಯುವುದೂ ಒಂದು ಎಸೆತವೇ. ನಾವು ಒತ್ತುವ ಮನೆ, ಅಂದರೆ ಕೀ, ಒಂದು ಸನ್ನೆಗೋಲು. ಅದು ಸುಮಾರು 10 ಮಿಲಿಮೀಟರ್ ಕೆಳಗಿಳಿಯುತ್ತದೆ. ಆ ಚಲನೆಯನ್ನು ಒಳಗಿನ ಸನ್ನೆಗಳು ಹಿಗ್ಗಿಸಿ, ಉಣ್ಣೆಯ ಫೆಲ್ಟ್ ಸುತ್ತಿದ ಸುತ್ತಿಗೆಯನ್ನು ಬೆರಳಿನ ಸುಮಾರು ಐದು ಪಟ್ಟು ವೇಗದಲ್ಲಿ ಮೇಲಕ್ಕೆ ಕಳಿಸುತ್ತವೆ. ತಂತಿ ಇನ್ನೊಂದೆರಡು ಮಿಲಿಮೀಟರ್ ದೂರವಿರುವಾಗಲೇ ಕೊಂಡಿ ಕಳಚಿಕೊಳ್ಳುತ್ತದೆ. ಉಳಿದ ದಾರಿಯನ್ನು ಸುತ್ತಿಗೆ ಒಂಟಿಯಾಗಿ ಹಾರಿ ತಂತಿಗೆ ಬಡಿದು ಹಿಂದಕ್ಕೆ ಬೀಳುತ್ತದೆ. ಕೊಂಡಿ ಕಳಚದೆ ಇದ್ದರೆ ಸುತ್ತಿಗೆ ತಂತಿಗೆ ಒತ್ತಿಕೊಂಡು ನಿಂತು, ಹುಟ್ಟಿದ ನಾದವನ್ನು ತಾನೇ ಕೊಲ್ಲುತ್ತಿತ್ತು. 1700ರ ಆಸುಪಾಸಿನಲ್ಲಿ ಫ್ಲಾರೆನ್ಸಿನ ಮೆದಿಚಿ ಅರಮನೆಯಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಬಿಡಿಸಿದ ಒಗಟು ಇದು. ಮನೆ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ಬಾರಿಸುವ ಉಪಾಯವನ್ನು 1821ರಲ್ಲಿ ಸೆಬಾಸ್ಟಿಯನ್ ಎರಾರ್ ಸೇರಿಸಿದ. ಅತಿವೇಗದ ಪಿಯಾನೊ ಕೃತಿಗಳಿಗೆ ಬಾಗಿಲು ತೆರೆದದ್ದು ಈ ಸಣ್ಣ ಮರದ ತುಂಡುಗಳು.

ಎಲ್ಲಾದರೂ ನಿಜವಾದ ಪಿಯಾನೊ ಸಿಕ್ಕರೆ ಅದರ ಒಂದು ಮನೆಯನ್ನು ಬಲು ನಿಧಾನವಾಗಿ ಒತ್ತಿ ನೋಡಿ. ತಳ ಮುಟ್ಟಿದರೂ ಸದ್ದು ಬರುವುದಿಲ್ಲ, ಸುತ್ತಿಗೆಗೆ ಹಾರುವಷ್ಟು ವೇಗ ಸಿಕ್ಕಿರುವುದಿಲ್ಲ. ನನ್ನ ಡಿಜಿಟಲ್ ವಾದ್ಯದಲ್ಲಿ ತಂತಿಯೇ ಇಲ್ಲ. ಮನೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಂಡ ಹೊತ್ತನ್ನು ಅಳೆದು, 1ರಿಂದ 127ರವರೆಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಬೆರಳಿನ ಪ್ರೀತಿ, ಸಿಟ್ಟು, ಅಂಜಿಕೆ ಎಲ್ಲ ಆ ವೇಗದಲ್ಲೇ ಇರಬೇಕು. ಬಡಿದ ಮೇಲೆ ಎಷ್ಟು ಒತ್ತಿದರೂ ಸ್ವರ ಬದಲಾಗದು. ವೀಣೆಯಲ್ಲಾದರೆ ಮೀಟಿದ ಮೇಲೂ ತಂತಿ ಎಳೆದು ಗಮಕ ಕೊಡಬಹುದು.

ಇಷ್ಟು ಯಂತ್ರದ ಮಾತಾಯಿತು. ನುಡಿಸುವವರ ತಲೆಯೊಳಗೂ ನಡೆಯುವುದು ಕವಣೆಯ ಕೆಲಸವೇ.

ನಾನು ಕಲಿಯುತ್ತಿರುವ ಕೃತಿಯನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಬಲಗೈಗೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸ್ವರ ಬರುತ್ತದೆ. ಎರಡು ಸ್ವರಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಇಲ್ಲ. ತಪ್ಪು ಬಿತ್ತೆಂದು ಕಿವಿ ತಿಳಿಸಿ, ಮಿದುಳು ಯೋಚಿಸಿ, ಕೈಗೆ ಮರುಆಜ್ಞೆ ಹೋಗುವಷ್ಟರಲ್ಲಿ ಮುಂದಿನ ಸ್ವರ ದಾಟಿಹೋಗಿರುತ್ತದೆ. 1951ರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಇದನ್ನೇ ಆಧಾರವಾಗಿಟ್ಟು ವಾದ ಮಾಡಿದ. ಒಂದು ಸ್ವರ ಮುಗಿದದ್ದನ್ನು ಕಂಡು ಮುಂದಿನದು ಹೊರಡುವುದಾದರೆ ಇಷ್ಟು ವೇಗ ಸಾಧ್ಯವಿಲ್ಲ, ಆದ್ದರಿಂದ ಇಡೀ ಸರಣಿ ಮೊದಲೇ ಸಿದ್ಧವಾಗಿರಬೇಕು ಎಂದ. ಸ್ವರಗಳ ಒಂದು ಗೊಂಚಲನ್ನು ಮಿದುಳು ಕವಣೆಗಿಟ್ಟು ಬೀಸುತ್ತದೆ. ಅಭ್ಯಾಸವೆಂದರೆ ಆ ಗೊಂಚಲು ಕಟ್ಟುವ ಕೆಲಸ. ನಿಧಾನವಾಗಿ ನುಡಿಸುವಾಗ ಮಾತ್ರ ಕಿವಿಗೆ ತಪ್ಪು ಹಿಡಿಯಲು ಪುರುಸೊತ್ತು ಇರುತ್ತದೆ, ಗೊಂಚಲು ಶುದ್ಧವಾಗಿ ಕಟ್ಟಿಕೊಳ್ಳುತ್ತದೆ. ಮೊದಲ ದಿನದಿಂದ ಓಡಿದರೆ ತಪ್ಪೂ ಅದರೊಳಗೆ ಸೇರಿ ಕೂರುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಒಂದು ಸಾಲಿನಲ್ಲಿ ನಾನು ಹಾಗೆ ಮಾಡಿ, ಎರಡು ತಿಂಗಳಾದರೂ ಆ ತಪ್ಪು ಸ್ವರ ಇನ್ನೂ ಇಣುಕುತ್ತಿದೆ.

ಕೈಯ ರಚನೆಯೂ ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಬೆರಳನ್ನು ಬಗ್ಗಿಸುವ, ಎತ್ತುವ ದೊಡ್ಡ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳು ಬೊಂಬೆಯಾಟದ ದಾರದಂತೆ ಬರುತ್ತವೆ. ಅಂಗೈಯನ್ನು ಮೇಜಿನ ಮೇಲಿಟ್ಟು, ಮಧ್ಯದ ಬೆರಳನ್ನು ಒಳಕ್ಕೆ ಮಡಚಿ, ಉಂಗುರದ ಬೆರಳನ್ನು ಎತ್ತಲು ಹೋಗಿ. ಅದು ಅಂಟಿದಂತೆ ಕೂತಿರುತ್ತದೆ, ಅಕ್ಕಪಕ್ಕದ ರಜ್ಜುಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ಬಲವಂತದಿಂದ ಇದನ್ನು ಗೆಲ್ಲಲಾಗದು. ಮಣಿಕಟ್ಟು, ತೋಳುಗಳ ಸಣ್ಣ ಹೊರಳುವಿಕೆಯಿಂದ ಆ ಬೆರಳಿಗೆ ಆಸರೆ ಕೊಡುವುದನ್ನು ಕಲಿಯಬೇಕು.

ಆದರೆ ಈ ಕೃತಿಯ ನಿಜವಾದ ಗಂಟು ಲಯದ್ದು. ಬಲಗೈ ಎಂಟು ಸ್ವರ ನುಡಿಸುವ ಹೊತ್ತಿಗೆ ಎಡಗೈ ಆರು ನುಡಿಸಬೇಕು. ಅಂದರೆ ನಾಲ್ಕಕ್ಕೆ ಮೂರು. ಬಲಗೈ ‘ತಕಧಿಮಿ’, ಎಡಗೈ ‘ತಕಿಟ’, ಎರಡೂ ಒಂದೇ ಅಳತೆಯೊಳಗೆ. ಅಳತೆಯನ್ನು 12 ಸಣ್ಣ ಪಾಲು ಮಾಡಿದರೆ ಬಲಗೈ 1, 4, 7, 10ಕ್ಕೆ, ಎಡಗೈ 1, 5, 9ಕ್ಕೆ ಬೀಳುತ್ತದೆ. ಕೂಡುವುದು ಮೊದಲನೆಯದರಲ್ಲಿ ಮಾತ್ರ. ಎರಡು ಕೈಗಳಿಗೆ ಎರಡು ಲೆಕ್ಕ ಇಟ್ಟುಕೊಂಡು ಹೊರಟರೆ ಒಂದು ಕೈ ಇನ್ನೊಂದನ್ನು ತನ್ನ ದಾರಿಗೆ ಎಳೆದುಕೊಳ್ಳುತ್ತದೆ. ಆರು ಬಡಿತಗಳ ಒಂದೇ ಸೊಲ್ಲಾಗಿ ಬಾಯಲ್ಲಿ ಹೇಳಿಕೊಂಡಾಗ ನನಗೆ ದಾರಿ ಕಂಡಿತು. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ತಿಸ್ರ ನಡೆ ಹೇಳುವ ನಮ್ಮ ಮೃದಂಗದ ಮಕ್ಕಳಿಗೆ ಇದು ನೀರು ಕುಡಿದಷ್ಟು ಸಲೀಸು ಎನಿಸಿದರೆ ಆಶ್ಚರ್ಯವಿಲ್ಲ.

ಲಯದ ಮೇಲೆ ಲಯ ಬರುವ ಇಂಥ ಕಡೆ ನನಗೆ ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ್ ನೆನಪಾಗುತ್ತಾರೆ. ಪಿಯಾನೊ ವಾದಕರಾಗಬೇಕೆಂದು ಮನಸಾರೆ ಬಯಸಿದ್ದ ತರುಣ ಅವರು. 1940ರಲ್ಲಿ ಮೊದಲು ತಂದೆ, ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. 21ರ ಹರೆಯದಲ್ಲಿ ಸಿಂಹಾಸನ ಹತ್ತಬೇಕಾಯಿತು. ವೇದಿಕೆಯ ಆಸೆ ಅಲ್ಲಿಗೇ ಮುಗಿಯಿತು, ಸಂಗೀತ ಮುಗಿಯಲಿಲ್ಲ. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಅವನ ಕೈಯಿಂದಲೇ ಧ್ವನಿಮುದ್ರಿಸಲು ಮೈಸೂರಿನಿಂದ ಹಣ ಹೋಯಿತು. ಮೆಟ್ನರ್‌ನ ಪಿಯಾನೊ ಕೃತಿಗಳು ಕೈಗೆ ಸುಲಭಕ್ಕೆ ಸಿಗುವಂಥವಲ್ಲ, ಲಯದ ಮೇಲೆ ಲಯ ಹೆಣೆದವು. ವೀಣೆ ಬಲ್ಲ, ಮುಂದೆ 94 ಕೃತಿಗಳನ್ನು ರಚಿಸಿದ ಒಡೆಯರ ಮನಸ್ಸನ್ನು ಹಿಡಿದದ್ದು ಆ ಹೆಣಿಗೆಯೇ ಇರಬೇಕೆಂದು ನನ್ನ ಊಹೆ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. 1947ರಲ್ಲಿ ತನ್ನ ಮೂರೂ ಕನ್ಸರ್ಟೊಗಳನ್ನು ನುಡಿಸಿ ಮುದ್ರಿಸಿದಾಗ ಅವನಿಗೆ 67 ವರ್ಷ. ನಾಲ್ಕು ವರ್ಷಗಳಲ್ಲಿ ತೀರಿಕೊಂಡ. ಆ ಬೆರಳುಗಳ ವೇಗ ಇಂದಿಗೂ ಕೇಳಸಿಗುತ್ತಿರುವುದು ಮೈಸೂರಿನ ಆ ಹಣದಿಂದ.

ಕೊನೆಯದಾಗಿ, ಕಲಿಯುವವರು ಮರೆಯುವ ಒಂದು ವಿಷಯ ನಿದ್ದೆ. ಬೆರಳು ಬಡಿತದ ಒಂದು ಸರಣಿಯನ್ನು ಕಲಿತವರು ರಾತ್ರಿ ಮಲಗಿ ಎದ್ದಾಗ, ನಡುವೆ ಅಭ್ಯಾಸವಿಲ್ಲದಿದ್ದರೂ, ಸುಮಾರು ಶೇ 20ರಷ್ಟು ಚುರುಕಾಗಿದ್ದರೆಂದು 2002ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು ತೋರಿಸಿದರು. ಎಚ್ಚರವಾಗಿ ಅಷ್ಟೇ ಹೊತ್ತು ಕಳೆದವರಲ್ಲಿ ಅಂಥ ಏರಿಕೆ ಇರಲಿಲ್ಲ. ಹಾಗಾಗಿ ರಾತ್ರಿ ಊಟವಾದ ಮೇಲೆ ಒಂದೇ ಸಾಲು ಹಿಡಿಯುತ್ತೇನೆ, ಆರೇಳು ಬಾರಿ, ಎರಡೂ ಕೈ, ಕಾಲು ಭಾಗ ವೇಗದಲ್ಲಿ. ಹಿಂದೂಪುರದ ಕಡೆ ಹೋಗುವ ಗೂಡ್ಸ್ ಗಾಡಿ ಬೆಟ್ಟದ ಪಕ್ಕ ಏದುಸಿರು ಬಿಡುತ್ತ ದಾಟುವ ಹೊತ್ತಿಗೆ ಪಿಯಾನೊ ಮುಚ್ಚುತ್ತೇನೆ. ಬೆಳಗ್ಗೆ ಎದ್ದು ಮೊದಲು ಮುಟ್ಟುವುದು ಆ ತಪ್ಪು ಇಣುಕುವ ಸಾಲನ್ನೇ.