ಕ್ಯಾಮೆರಾಗೆ ಯಾವ ಮೆಮೊರಿ ಕಾರ್ಡ್?

ಡಿಜಿಟಲ್ ಕ್ಯಾಮೆರಾಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಡಿ ಕಾರ್ಡ್. ಎಸ್‌ಡಿಎಚ್‌ಸಿ ಎಂದಿದ್ದರೆ 32 ಜಿಬಿವರೆಗೆ, ಎಸ್‌ಡಿಎಕ್ಸ್‌ಸಿ ಎಂದಿದ್ದರೆ 2 ಟಿಬಿವರೆಗೆ ಜಾಗ.

ಜಾಗದಷ್ಟೇ ಮುಖ್ಯ, ವೇಗ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಓದುವ ವೇಗ. ವಿಡಿಯೊಗೆ ಬೇಕಾದದ್ದು ಬರೆಯುವ ವೇಗ. ವಿ30 ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಸತತವಾಗಿ ದಾಖಲಾಗುತ್ತದೆ. ಸಾಮಾನ್ಯ 4ಕೆ ವಿಡಿಯೊಗೆ ಅಷ್ಟು ಸಾಕು.

ಕಾರ್ಡನ್ನು ತಿರುಗಿಸಿದರೆ ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಯುಎಚ್‌ಎಸ್-1 ಎಂಬ ಬಗೆಯ ಕಾರ್ಡಿನಲ್ಲಿ ಒಂದು ಸಾಲು, ಅದಕ್ಕಿಂತ ವೇಗದ ಯುಎಚ್‌ಎಸ್-2ರಲ್ಲಿ ಎರಡು. ಹಾರುವ ಹಕ್ಕಿಯನ್ನು ಒಂದೇ ಸಮನೆ ಕ್ಲಿಕ್ಕಿಸಲು ಎರಡನೆಯದು ಅನುಕೂಲ. ಕ್ಯಾಮೆರಾ ಯುಎಚ್‌ಎಸ್-1ರದ್ದಾದರೆ ಆ ಹೆಚ್ಚುವರಿ ವೇಗ ಸಿಗದು.

8ಕೆ ವಿಡಿಯೊದಂಥ ಭಾರಿ ಕೆಲಸಕ್ಕೆ ಸಿಎಫ್‌ಎಕ್ಸ್‌ಪ್ರೆಸ್ ಎಂಬ ಕಾರ್ಡ್ ಇದೆ. ಅದರ ಆಕಾರವೇ ಬೇರೆ, ಸ್ಲಾಟ್ ಕೂಡ ಬೇರೆ. ಹಾಗಾಗಿ ಮೊದಲು ಕ್ಯಾಮೆರಾದ ಕೈಪಿಡಿ, ಆಮೇಲೆ ಕಾರ್ಡಿನ ಖರೀದಿ.